ಡಾಲ್ಟನ್ ಆಡಿದ ಆ ಭಾನುವಾರ

2024ರ ಸೆಪ್ಟೆಂಬರ್ 29ರಂದು ಅಕ್ಕನ ಮಗನ ಜೊತೆ ಅಮೆರಿಕದ ಷಾರ್ಲೆಟ್‌ನ ಬ್ಯಾಂಕ್ ಆಫ್ ಅಮೆರಿಕ ಸ್ಟೇಡಿಯಂಗೆ ಹೋಗಿದ್ದೆ. ಅಲ್ಲಿನ ತಂಡ ಕೆರೊಲಿನಾ ಪ್ಯಾಂಥರ್ಸ್ ಮತ್ತು ಸಿನ್ಸಿನಾಟಿ ಬೆಂಗಾಲ್ಸ್ ನಡುವಣ ಪಂದ್ಯ. ಅಲ್ಲಿಯೇ ಹುಟ್ಟಿ ಬೆಳೆದ ಆ ಹುಡುಗನಿಂದಲೇ ನನಗೆ ಅಮೆರಿಕನ್ ಫುಟ್‌ಬಾಲ್‌ನ ಹುಚ್ಚು ಹತ್ತಿದ್ದು. ಅವನು ತೊಟ್ಟಿದ್ದದ್ದು ಬ್ರೈಸ್ ಯಂಗ್ ಅವರ 9ನೇ ನಂಬರಿನ ಜೆರ್ಸಿ. ಆದರೆ ಯಂಗ್ ಅಂದು ಬೆಂಚಿನಲ್ಲಿದ್ದರು.

ಡಿ.ಜೆ. ಮೂರ್ ಅವರಂಥ, ಎಸೆದ ಚೆಂಡನ್ನು ಹಿಡಿದು ಓಡುವ ರಿಸೀವರ್‌ನನ್ನೂ ಮುಂದಿನ ವರ್ಷಗಳ ಆಯ್ಕೆಗಳನ್ನೂ ಷಿಕಾಗೊ ಬೇರ್ಸ್‌ಗೆ ಒಪ್ಪಿಸಿ, ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ 2023ರ ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿ ಪ್ಯಾಂಥರ್ಸ್ ತಂದುಕೊಂಡ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ದಾಳಿ ನಡೆಸುವ ಆಟಗಾರ, ಯಂಗ್. ಆರಂಭಿಸಿದ 18 ಪಂದ್ಯಗಳಲ್ಲಿ ಗೆದ್ದದ್ದು ಎರಡೇ. 2024ರ ಮೊದಲ ಎರಡು ಪಂದ್ಯಗಳನ್ನು ತಂಡ 47–10 ಮತ್ತು 26–3ರಿಂದ ಸೋತ ಮೇಲೆ ಕೋಚ್ ಡೇವ್ ಕನಾಲೆಸ್, ಯಂಗ್ ಅವರನ್ನು ಕೂರಿಸಿ, 36 ವರ್ಷದ ಆ್ಯಂಡಿ ಡಾಲ್ಟನ್ ಅವರನ್ನು ಇಳಿಸಿದರು. ಮರುವಾರವೇ ಲಾಸ್ ವೇಗಸ್‌ನಲ್ಲಿ ಡಾಲ್ಟನ್ ಎಸೆತಗಳಿಂದ 319 ಯಾರ್ಡ್ ಗಳಿಸಿ, ಮೂರು ಟಚ್‌ಡೌನ್ (ಎದುರಾಳಿಯ ಗೆರೆ ದಾಟಿ ಗಳಿಸುವ ಅಂಕ) ಕೊಡಿಸಿ, ತಂಡವನ್ನು 36–22ರಿಂದ ಗೆಲ್ಲಿಸಿದರು.

“ಮಾಮ, ಇವರು ಹೀಗೇ ಆಡಿದ್ರೆ ಯಂಗ್ ಕಥೆ ಮುಗಿದ ಹಾಗೇನಾ?” ಎಂದು ಹುಡುಗ ಆಟ ಶುರುವಾಗುವ ಮುಂಚೆಯೇ ಕೇಳಿದ.

ನನ್ನ ಕಣ್ಣು ಡಾಲ್ಟನ್ ಅವರ ಕಾಲುಗಳ ಮೇಲಿತ್ತು. ಚೆಂಡು ಕೈಗೆ ಬಂದೊಡನೆ ಕೆಲವೇ ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಮೊದಲು ಗುರಿಯಿಟ್ಟ ರಿಸೀವರ್‌ಗೆ ಕಾವಲು ಬಿಗಿಯಾಗಿದ್ದರೆ ತಡಮಾಡದೆ ಇನ್ನೊಬ್ಬನತ್ತ ತಿರುಗಿ ಎಸೆದುಬಿಡುತ್ತಿದ್ದರು. ಯಂಗ್ ಅವರನ್ನು ಎದುರಾಳಿಗಳು ಪದೇಪದೇ ನೆಲಕ್ಕೆ ಕೆಡವುತ್ತಿದ್ದುದಕ್ಕೆ ಮುಂದಿನ ಸಾಲಿನ ರಕ್ಷಕರೇ ಕಾರಣವೆಂದು ಅಲ್ಲಿಯವರೆಗೆ ವಾದಿಸುತ್ತಿದ್ದವನು ನಾನು. ಅದೇ ಸಾಲಿನ ಹಿಂದೆ ನಿಂತು ಚೆಂಡನ್ನು ಇಷ್ಟು ಬೇಗ ಸಾಗಿಸುವುದು ಸಾಧ್ಯವೆಂದ ಮೇಲೆ ಆ ವಾದದ ಅರ್ಧ ಬಲ ಹೋಯಿತು. ಉಳಿದರ್ಧ ಬೇರೆ ಕಡೆಯಿಂದ ಮರಳಿತು. ಬೆಂಗಾಲ್ಸ್‌ನ ಜಮಾರ್ ಚೇಸ್ ಚೆಂಡು ಹಿಡಿದು, ತಡೆಯಬಂದವರನ್ನು ಕೊಡವಿಕೊಂಡು ಓಡಿ 63 ಯಾರ್ಡ್‌ಗಳ ಟಚ್‌ಡೌನ್ ಗಳಿಸಿದಾಗ ಎದುರಾಳಿಯ ದಾಳಿ ಮುಗಿಯುವವರೆಗೆ ಮೈದಾನದ ಅಂಚಿನಲ್ಲಿ ನಿಂತಿರಬೇಕಾದ ಯಾವ ಕ್ವಾರ್ಟರ್‌ಬ್ಯಾಕ್ ತಾನೇ ಏನು ಮಾಡಿಯಾನು? ಪಂದ್ಯ 34–24ರಿಂದ ಪ್ಯಾಂಥರ್ಸ್ ಕೈತಪ್ಪಿತು.

ಸೋಲುತ್ತಿರುವ ತಂಡಕ್ಕೆ ಅನುಭವಿ ಮೀಸಲು ಕ್ವಾರ್ಟರ್‌ಬ್ಯಾಕ್‌ನಿಂದ ಸಿಗುವ ದೊಡ್ಡ ಪ್ರಯೋಜನ ಇದೇ ಎಂದು ನನಗೆ ಅನ್ನಿಸಿದ್ದು ಅಂದು. ಯಾವ ಕೊರತೆ ಎಳೆಯ ಕ್ವಾರ್ಟರ್‌ಬ್ಯಾಕ್‌ನದು, ಯಾವುದು ತಂಡದ್ದು ಎಂಬುದನ್ನು ಅವನು ಬಿಡಿಸಿ ತೋರಿಸುತ್ತಾನೆ. ಅದಕ್ಕೆ ಮೂರು ನಾಲ್ಕು ವಾರ ಸಾಕು. ಪ್ಯಾಂಥರ್ಸ್ ಮಾತ್ರ ಯಂಗ್ ಹೊರಗೆ ಕೂರುವ ಅವಧಿಯನ್ನೇ ಹೇಳಲಿಲ್ಲ. ಬೇರ್ಸ್ ಎದುರು 36–10, ಫಾಲ್ಕನ್ಸ್ ಎದುರು 38–20, ಕಮಾಂಡರ್ಸ್ ಎದುರು 40–7 ಎಂದು ಸೋಲಿನ ಸಾಲು ಬೆಳೆಯುತ್ತಲೇ ಹೋಯಿತು. ಕಾರು ಅಪಘಾತದಲ್ಲಿ ಡಾಲ್ಟನ್ ಅವರ ಹೆಬ್ಬೆರಳು ಉಳುಕಿದ್ದರಿಂದ ಅಕ್ಟೋಬರ್ 27ರಂದು ಡೆನ್ವರ್‌ನಲ್ಲಿ ಯಂಗ್ ಮರಳಿದರು. ತಂಡ ತಾನಾಗಿ ಮಾಡಬೇಕಿದ್ದ ತೀರ್ಮಾನವನ್ನು ಅಪಘಾತ ಮಾಡಿಕೊಟ್ಟಿತು.

ಆ ಪಂದ್ಯ ಸೋತರೂ ಯಂಗ್ ಆಮೇಲೆ ಬೇರೆಯೇ ಆಟಗಾರನಂತೆ ಕಂಡರು. ಮ್ಯೂನಿಕ್‌ನಲ್ಲಿ ಜೈಂಟ್ಸ್ ವಿರುದ್ಧ 20–17ರ ಗೆಲುವು ಬಂತು, ಚೀಫ್ಸ್ ಎದುರು 30–27ರ ಕೂದಲೆಳೆಯ ಸೋಲು, ಕೊನೆಯ ಪಂದ್ಯದಲ್ಲಿ ಅಟ್ಲಾಂಟಾದಲ್ಲಿ 44–38ರ ಗೆಲುವು. ಹೊರಗೆ ಕೂತು ನೋಡಿದ್ದರಿಂದಲೇ ಅವರು ತಿದ್ದಿಕೊಂಡರೆಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಮರಳುವ ದಿನ ಗೊತ್ತಿದ್ದು ಕೂರುವುದಕ್ಕೂ ಗೊತ್ತಿಲ್ಲದೆ ಕೂರುವುದಕ್ಕೂ ಬಹಳ ಅಂತರವಿದೆ.

“ಯಂಗ್ ಮರಳೋ ದಿನಾನ ಮೊದಲೇ ಹೇಳಿಬಿಟ್ಟು, ಡಾಲ್ಟನ್ ಗೆಲ್ತಾನೇ ಹೋಗಿದ್ರೆ ಏನು ಮಾಡ್ತಿದ್ರು ಮಾಮ?” ಎಂದು ಹುಡುಗ ಈಗಲೂ ಜಗಳ ತೆಗೆಯುತ್ತಾನೆ. ನಾಲ್ಕು ವಾರ ಸಾಲಾಗಿ 34, 36, 38, 40 ಅಂಕ ಬಿಟ್ಟುಕೊಟ್ಟ ತಂಡಕ್ಕೆ ಆ ಚಿಂತೆ ಬೇಕಿರಲಿಲ್ಲ ಎಂಬುದು ನನ್ನ ಉತ್ತರ.