ಹಳೆಯ ಮೂರು ಚಕ್ರದ ಸೈಕಲ್ಲಿಗೆ ಹೊಸ ಬಣ್ಣ

ಬೆಂಗಳೂರಿನ ಚಿಕ್ಕಪೇಟೆಯ ಬಳಿ ಭಾನುವಾರಗಳಂದು ನೆರೆಯುವ ಸಂಡೇ ಬಜಾರಿನಲ್ಲಿ, ಹಳೆಯ ಮಿಕ್ಸಿಗಳ ರಾಶಿಯ ಹಿಂದೆ ಕಂಡ ಮಕ್ಕಳ ಮೂರು ಚಕ್ರದ ಸೈಕಲ್ಲನ್ನು ನಾನು ಕೊಂಡದ್ದು ಅದರ ಕಬ್ಬಿಣದ ಚೌಕಟ್ಟಿನ ಗಟ್ಟಿತನವನ್ನು ನೋಡಿ. ಸರಪಳಿಯಿಲ್ಲದೆ ಪೆಡಲ್‌ಗಳು ನೇರವಾಗಿ ಮುಂದಿನ ಚಕ್ರದ ಅಚ್ಚಿಗೇ ಕೂಡಿಕೊಂಡಿರುವುದರಿಂದ, ಮಗು ಹಿಂದಕ್ಕೆ ತುಳಿದರೆ ಗಾಡಿಯೂ ಹಿಂದಕ್ಕೇ ಸರಿಯುತ್ತದೆ. ಇಷ್ಟು ಸರಳವಾದ ರಚನೆ ಕೆಡುವುದೇ ಅಪರೂಪ.

ತುಕ್ಕಿಗಿಂತ ಹಳೆಯ ಬಣ್ಣವೇ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿತು. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಮಕ್ಕಳಿಗೆ ವಿಷವಾದ ಸೀಸದ ಪ್ರಮಾಣವನ್ನು 90 ಪಿಪಿಎಂಗೆ, ಅಂದರೆ ಹತ್ತು ಲಕ್ಷ ಭಾಗಗಳಲ್ಲಿ 90 ಭಾಗಕ್ಕೆ, ಮಿತಿಗೊಳಿಸಿದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಆದಕಾರಣ ಅದಕ್ಕೂ ಹಿಂದಿನ ಆಟಿಕೆಯ ಬಣ್ಣದಲ್ಲಿ ಸೀಸವಿರಬಹುದೆಂದು ಎಣಿಸಿಯೇ ಕೆಲಸಕ್ಕೆ ಇಳಿಯುವುದು ಕ್ಷೇಮ. ಧೂಳು ಏಳದಂತೆ, ಮುಖಗವಸು ಧರಿಸಿ, ನೀರು ಹಾಯಿಸುತ್ತ ವಾಟರ್ ಪೇಪರಿನಿಂದ ತಿಕ್ಕಿ, ಇಳಿದ ಕೆಸರನ್ನೆಲ್ಲ ಚಿಂದಿ ಬಟ್ಟೆಯಿಂದ ಒರೆಸಿ ತೆಗೆದೆ. ಆ ಹೊತ್ತು ಮಕ್ಕಳನ್ನು ಅಂಗಳಕ್ಕೆ ಬಿಡಲಿಲ್ಲ. ಬಿಗಿದುಕೊಂಡಿದ್ದ ಬೋಲ್ಟುಗಳು ಸೀಮೆಎಣ್ಣೆಯಲ್ಲಿ ನೆನೆದ ಮೇಲೆ ಸಡಿಲವಾದವು. ಬಳಿಕ ತುಕ್ಕು ತಡೆಯುವ ರೆಡ್ ಆಕ್ಸೈಡ್ ಪ್ರೈಮರನ್ನೂ, ಅದು ಪೂರ್ತಿ ಒಣಗಿದ ಮೇಲೆ, ಸೀಸರಹಿತವೆಂದು ಡಬ್ಬಿಯ ಮೇಲೆ ನಮೂದಿಸಿದ್ದ ಕೆಂಪು ಎನಾಮೆಲ್ಲನ್ನೂ ತೆಳುವಾಗಿ ಬಳಿದೆ. ಸೀಟಿನ ತಗ್ಗುಗಳನ್ನು ಮಾತ್ರ ತುಂಬಿಸಲಿಲ್ಲ. ಅಷ್ಟು ಮಕ್ಕಳು ಕುಳಿತು ಆಡಿದ ಗುರುತನ್ನು ಅಳಿಸಿಹಾಕಿ ಹೊಸದೆಂಬಂತೆ ತೋರಿಸುವುದು ನನಗೆ ಸರಿಯೆನಿಸದು.