ನಾಲ್ಕು ತಿಂಗಳ ಮೇಲೆ ಒಂದು ಕಹಿ ಬಿಯರ್

ಕ್ಯಾನ್ ತೆರೆದ ಕೂಡಲೇ ವಾಸನೆ ಬಂತು. ಗ್ಲಾಸಿಗೆ ಸುರಿಯುವ ಮೊದಲೇ. ಕಿತ್ತಳೆ ಸಿಪ್ಪೆಯನ್ನು ಉಗುರಲ್ಲಿ ಗೀರಿದರೆ ಕಣ್ಣಿಗೆ ಸಿಡಿಯುತ್ತಲ್ಲ, ಆ ಘಾಟು. ಅದರ ಹಿಂದೆಯೇ ಚಕೋತ, ಆಮೇಲೆ ಆಗಷ್ಟೇ ಸೀಳಿದ ಪೈನ್ ಮರದ ಅಂಟಿನ ಥರ ಏನೋ ಒಂದು. ಕುಡಿಯದೆ ಸುಮಾರು ಹೊತ್ತು ಸುಮ್ನೆ ಮೂಸುತ್ತಾ ಕೂತಿದ್ದೆ.

ಕುಡಿತ ಕಡಿಮೆ ಮಾಡಿ ನಾಲ್ಕು ತಿಂಗಳಾಯಿತು. ಪೂರ್ತಿ ಬಿಟ್ಟಿಲ್ಲ. ಮೊದಲು ವಾರದಲ್ಲಿ ನಾಲ್ಕೈದು ಸಂಜೆ ಕುಡಿಯುತ್ತಿದ್ದೆ, ಈಗ ತಿಂಗಳಿಗೆ ಒಂದೋ ಎರಡೋ ಸಲ, ಅದೂ ಲಾಗರ್ ಅನ್ನುವ ತೆಳ್ಳಗಿನ ಬಿಯರ್. ಕಾರಣ ನಿದ್ದೆ. ಕುಡಿದ ರಾತ್ರಿ ಬೇಗ ನಿದ್ದೆ ಹತ್ತುತ್ತಿತ್ತು, ಆದರೆ ಮೂರು ಗಂಟೆಗೆ ಎಚ್ಚರ, ಆಮೇಲೆ ಬೆಳಗಿನ ತನಕ ಹೊರಳಾಟ. ಆಲ್ಕೋಹಾಲ್ ಮಾಡುವುದೇ ಹಾಗೆ, ಮೊದಲರ್ಧ ರಾತ್ರಿಗೆ ಜೋಂಪು ಕೊಟ್ಟು ಉಳಿದರ್ಧವನ್ನು ಕೆಡಿಸುತ್ತದೆ.

ನನಗೆ ತುಂಬಾ ಇಷ್ಟವಾದ ಐಪಿಎ ಅನ್ನುವ ಕಹಿ ಬಿಯರನ್ನೇ ಮೊದಲು ನಿಲ್ಲಿಸಿದ್ದೆ. ಅಂಥ, ಕಹಿ ಮತ್ತು ಘಮ ಕೊಡುವ ಹಾಪ್ಸ್ ಹೂವು ಜಾಸ್ತಿ ಹಾಕಿದ ಬಿಯರ್‌ಗಳು ಹೆಚ್ಚಾಗಿ ಸ್ಟ್ರಾಂಗ್ ಕೂಡ ಆಗಿರುತ್ತವೆ. 5% ಇರುವ 330 ಮಿಲಿ ಬಿಯರ್‌ನಲ್ಲಿ ಸುಮಾರು 13 ಗ್ರಾಂ ಆಲ್ಕೋಹಾಲ್ ಇದ್ದರೆ, 8% ಇರುವ 440 ಮಿಲಿ ಕ್ಯಾನ್‌ನಲ್ಲಿ ಹತ್ತಿರ ಹತ್ತಿರ 28 ಗ್ರಾಂ ಇರುತ್ತದೆ. ಒಂದೇ ಕ್ಯಾನ್ ಅಂತ ನಾನು ಇಟ್ಟ ಲೆಕ್ಕ ನಿಜಕ್ಕೂ ಎರಡಾಗಿರುತ್ತಿತ್ತು. ಎಷ್ಟೋ ವರ್ಷ ಇದನ್ನು ಕೂಡಿಸಿ ನೋಡಿರಲೇ ಇಲ್ಲ ಅನ್ನುವುದು ಈಗಲೂ ಬೇಜಾರು ಮಾಡುತ್ತದೆ.

ಇರಲಿ, ಗುಟುಕಿಗೆ ಬರುತ್ತೇನೆ. ಮೊದಲನೇ ಗುಟುಕಿಗೆ ಮುಖ ಕಿವುಚಿದೆ. ಅಷ್ಟು ಕಹಿ. ಬಾಯಿಗೆ ಬಿದ್ದ ತಕ್ಷಣ ಅಲ್ಲ, ನುಂಗಿದ ಮೇಲೆ, ನಾಲಿಗೆಯ ಬುಡದಿಂದ ಎದ್ದು ನಿಧಾನಕ್ಕೆ ಮುಂದಕ್ಕೆ ಹರಡಿ, ಒಸಡಿನ ತನಕ ಬಂದು ಅಲ್ಲೇ ಕೂತುಬಿಟ್ಟಿತು. ಕ್ಯಾನ್ ಮೇಲೆ 65 ಐಬಿಯು ಅಂತ ಬರೆದಿತ್ತು. ಐಬಿಯು ಅಂದರೆ ಕಹಿಯ ಅಳತೆ, ಹೆಚ್ಚುಕಡಿಮೆ ಒಂದು ಲೀಟರ್ ಬಿಯರ್‌ನಲ್ಲಿ ಎಷ್ಟು ಮಿಲಿಗ್ರಾಂ ಹಾಪ್ಸ್ ಕಹಿ ಕರಗಿದೆ ಅನ್ನುವುದು. ತೆಳು ಲಾಗರ್‌ಗಳಲ್ಲಿ ಅದು ಹತ್ತರ ಆಸುಪಾಸು ಇರುತ್ತದೆ. ಮೊದಲೆಲ್ಲ 65 ನನಗೆ ಏನೂ ಅನಿಸುತ್ತಿರಲಿಲ್ಲ. ಇನ್ನೂ ದೊಡ್ಡ ಅಂಕಿ ಎಲ್ಲಿದೆ ಅಂತ ಹುಡುಕುತ್ತಿದ್ದೆ, ಎರಡನೇ ಗ್ಲಾಸಿನ ಹೊತ್ತಿಗೆ ಬಾಯಿ ಜಡ್ಡುಗಟ್ಟಿರುತ್ತಿತ್ತು, ಮೂರನೆಯದು ಯಾವ ಬ್ರ್ಯಾಂಡ್ ಆದರೂ ಒಂದೇ ಆಗಿರುತ್ತಿತ್ತು.

ಈ ಸಲ ಒಂದು ಹೊಸ ವಿಷಯ ಗೊತ್ತಾಯಿತು. ವಾಸನೆ ಮತ್ತು ಕಹಿ ಬೇರೆ ಬೇರೆಯಾಗಿ ಬಂದವು. ಹಾಪ್ಸ್ ಅಂದರೆ ಒಂದು ಬಳ್ಳಿಯ ಹೆಣ್ಣು ಹೂವು. ಅದರ ಎಸಳು ಬಿಡಿಸಿದರೆ ಬುಡದಲ್ಲಿ ಲುಪುಲಿನ್ ಅನ್ನುವ ಅಂಟಂಟು ಹಳದಿ ಪುಡಿ ಇರುತ್ತದೆ, ಎಲ್ಲ ಇರುವುದು ಅದರಲ್ಲೇ. ಅದರಲ್ಲಿರುವ ಆಲ್ಫಾ ಆಮ್ಲಗಳು ಬಿಯರ್ ರಸದ ಜೊತೆ ಕುದ್ದರೆ ಮಾತ್ರ ಆ ಗಟ್ಟಿ ಕಹಿ ಬರುವುದು. ಆದರೆ ಅದೇ ಪುಡಿಯಲ್ಲಿರುವ ಘಮದ ಎಣ್ಣೆ ಕುದಿಸಿದರೆ ಹಬೆಯ ಜೊತೆ ಹಾರಿಹೋಗುತ್ತದೆ. ಅದಕ್ಕೇ ಒಂದಿಷ್ಟು ಹಾಪ್ಸ್ ಮೊದಲೇ ಹಾಕಿ ಕುದಿಸುತ್ತಾರೆ, ಇನ್ನೊಂದಿಷ್ಟನ್ನು ಕೊನೆಗೆ, ಎಷ್ಟೋ ಸಲ ಬಿಯರ್ ಹುದುಗಿದ ಮೇಲೆ ತಣ್ಣಗಿರುವಾಗಲೇ ಹಾಕಿ ನೆನೆಸಿಡುತ್ತಾರೆ. ಒಂದೇ ಹೂವಿನ ಕುದ್ದ ಗುಣ ಒಂದು, ಕುದಿಯದ ಗುಣ ಇನ್ನೊಂದು. ಇದನ್ನು ಓದಿ ತಿಳಿದಿದ್ದೆ. ಬಾಯಲ್ಲಿ ತಿಳಿದದ್ದು ಮೊನ್ನೆ. ಮೂಗಿಗೆ ಚಕೋತ ಬಂದು ಹೋಗಿ, ಒಂದು ಕ್ಷಣ ಏನೂ ಇಲ್ಲದೆ, ಆಮೇಲೆ ಕಹಿ ಬಂತು. ಆ ನಡುವಿನ ಖಾಲಿ ಜಾಗ ಅಷ್ಟು ವರ್ಷ ಕುಡಿದರೂ ನನಗೆ ಸಿಕ್ಕಿರಲಿಲ್ಲ.

ಚಕೋತದ ಈ ವಾಸನೆಗೆ ಹೆಸರಾದ ಕ್ಯಾಸ್ಕೇಡ್ ಅನ್ನುವ ಹಾಪ್ಸ್ ತಳಿ ಅಮೆರಿಕದಲ್ಲಿ 1972ರಲ್ಲಿ ಬಂತು. ಈಗ ಜರ್ಮನಿಯಲ್ಲಿರುವ ಬವೇರಿಯಾದ 1516ರ ಬಿಯರ್ ಕಾನೂನಿನಲ್ಲೇ ಬಾರ್ಲಿ, ನೀರಿನ ಜೊತೆ ಹಾಪ್ಸ್ ಹೆಸರಿದೆ. ಹಾಪ್ಸ್ ಅಷ್ಟು ಹಳೆಯದು, ಈ ಘಮ ಅದರ ಮುಂದೆ ನಿನ್ನೆ ಮೊನ್ನೆಯದು.

ಇನ್ನೊಂದು ಮಾತು. ಫ್ರಿಜ್ಜಿನಿಂದ ತೆಗೆದ ತಕ್ಷಣ ಕುಡಿಯಬೇಡಿ. ಹತ್ತು ಹದಿನೈದು ನಿಮಿಷ ಬಿಟ್ಟ ಮೇಲೆ ನನ್ನ ಗ್ಲಾಸಿನಲ್ಲಿ ಘಮ ಬಿಚ್ಚಿಕೊಂಡ ರೀತಿಯೇ ಬೇರೆ. ಕ್ಯಾನ್ ಮೇಲಿನ ತಾರೀಖನ್ನೂ ನೋಡಿ, ಹಳೆಯದಾದಷ್ಟೂ ಹಾಪ್ಸ್ ವಾಸನೆಯೇ ಮೊದಲು ಸಾಯುವುದು. ಆದರೆ ಒಂದಕ್ಕೆ ನಿಲ್ಲಿಸಲು ಆಗದೆ ಪೂರ್ತಿ ಬಿಟ್ಟವರು ಇದನ್ನು ಓದುತ್ತಿದ್ದರೆ, ದಯವಿಟ್ಟು ನನ್ನ ಮಾತು ಕೇಳಿ ಒಂದು ಗುಟುಕೂ ನೋಡಬೇಡಿ. ನೀವು ಮಾಡಿದ್ದು ನಾನು ಮಾಡಿದ್ದಕ್ಕಿಂತ ಎಷ್ಟೋ ಕಷ್ಟದ್ದು.

ಅರ್ಧ ಗ್ಲಾಸಿಗೆ ಕಿವಿ ಬಿಸಿಯಾಯಿತು. 7% ಇತ್ತು, ನನಗೀಗ ಅದು ಜಾಸ್ತಿ. ಅಲ್ಲಿಗೇ ಸಾಕು ಅನಿಸಿತು, ಹಲ್ಲು ಕಚ್ಚಿ ನಿಲ್ಲಿಸಿದ್ದಲ್ಲ, ನಿಜವಾಗಿಯೂ ಸಾಕು ಅನಿಸಿತು. ಉಳಿದದ್ದನ್ನು ಚೆಲ್ಲಿದೆ. ಗ್ಲಾಸನ್ನು ಹಾಗೇ ಮೇಜಿನ ಮೇಲೆ ಬಿಟ್ಟು ಮಲಗಿದೆ.

ಹಾಪ್ಸ್ ಕಹಿಗೆ ಇನ್ನೊಂದು ಗುಣ ಇದೆ, ಅದು ನೊರೆಯನ್ನು ಗಟ್ಟಿಮಾಡಿ ಗ್ಲಾಸಿಗೆ ಅಂಟಿಸುತ್ತದೆ. ಒಂದೊಂದು ಗುಟುಕು ಇಳಿದಾಗಲೂ ಅಲ್ಲೊಂದು ಬಿಳಿ ಗೆರೆ ಉಳಿಯುತ್ತದೆ. ಮೊದಲೆಲ್ಲ ಇಡೀ ಗ್ಲಾಸಿಗೆ ನಾಲ್ಕೈದು ಗೆರೆ ಬಿದ್ದರೆ ಹೆಚ್ಚು. ಬೆಳಿಗ್ಗೆ ತೊಳೆಯಲು ಎತ್ತಿಕೊಂಡಾಗ ಗೆರೆಗಳೆಲ್ಲ ಒಣಗಿ ಅಂಟಿದ್ದವು. ಬೆಳಕಿಗೆ ಹಿಡಿದು ಎಣಿಸಿದೆ. ಅರ್ಧ ಗ್ಲಾಸಿಗೆ ಹನ್ನೊಂದು.