ಸಿಂಗಪುರದ ಗಾಜಿನ ಮನೆಗಳು: ಚಿಕ್ಕಮಗಳೂರಿನಿಂದ ಹೊರಡುವವರಿಗೆ

"ಅಲ್ಲ ಕಣೋ, ಕಾಫಿ ತೋಟದವರು ದುಡ್ಡು ಕೊಟ್ಟು ಮಂಜು ನೋಡಕ್ಕೆ ಹೋಗ್ಬೇಕಾ?" ಅಂತ ಅಮ್ಮ ಹೊರಡುವ ದಿನದವರೆಗೂ ಕೇಳುತ್ತಲೇ ಇದ್ದರು. ಗಾಜಿನ ಮನೆಯೊಳಗೆ ಮಂಜು ಬಿಡುವ ಸಿಂಗಪುರದ ಗಾರ್ಡನ್ಸ್ ಬೈ ದ ಬೇ ತೋಟ ನೋಡಿ ಬಂದ ಮೇಲೆ ಹೇಳುತ್ತಿದ್ದೇನೆ, ಹೋಗಬೇಕು. ಅದರಲ್ಲೂ ಮಲೆನಾಡಿನವರು ತಪ್ಪಿಸಲೇಬಾರದು.

ಬೆಂಗಳೂರಿನಿಂದ ನೇರ ವಿಮಾನವಾದರೆ ಸುಮಾರು ನಾಲ್ಕೂವರೆ ಗಂಟೆ. ವೀಸಾ ಜೊತೆಗೆ, ಅಲ್ಲಿಗೆ ಇಳಿಯುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಅರೈವಲ್ ಕಾರ್ಡ್ ತುಂಬಬೇಕು. ಅದು ಉಚಿತ, ಯಾರಾದರೂ ಶುಲ್ಕ ಕೇಳಿದರೆ ಕೊಡಬೇಡಿ. ವಾಸ್ತವ್ಯಕ್ಕೆ ಲಿಟ್ಲ್ ಇಂಡಿಯಾ ಒಳ್ಳೆಯದು. ಇಡ್ಲಿ, ದೋಸೆ, ಬಾಳೆಲೆ ಊಟ ಎಲ್ಲ ಕಾಲ್ನಡಿಗೆ ದೂರದಲ್ಲಿ ಸಿಗುತ್ತೆ. ಅಲ್ಲಿಂದ ಡೌನ್‌ಟೌನ್ ಲೈನಿನ ಮೆಟ್ರೊ ಹತ್ತಿದರೆ ಎಲ್ಲೂ ಬದಲಾಯಿಸದೆ ನಾಲ್ಕನೇ ಸ್ಟೇಷನ್ ಬೇಫ್ರಂಟ್, ತೋಟ ಅಲ್ಲೇ. ಅಮ್ಮನಿಗೆ ಮಂಡಿ ನೋವು, ಹಾಗಾಗಿ ಒಳಗೆ ಓಡಾಡುವ ಷಟಲ್ ಗಾಡಿ ಹಿಡಿದೆವು.

2012ರಲ್ಲಿ ತೆರೆದ ಈ ತೋಟದಲ್ಲಿ ದೊಡ್ಡ ಗಾಜಿನ ಮನೆಗಳು ಎರಡು. ಫ್ಲವರ್ ಡೋಮ್ 1.2 ಹೆಕ್ಟೇರ್, ಆಲಿವ್, ಬಾವೋಬಾಬ್, ಕಳ್ಳಿ ಜಾತಿಗಳು, ಕಾಲಕ್ಕೆ ತಕ್ಕ ಹೂ. ಅದಕ್ಕೆ ಒಂದು ಗಂಟೆ ಸಾಕು. ಉಳಿದ ಹೊತ್ತೆಲ್ಲ ಎರಡನೆಯ ಮನೆ ಕ್ಲೌಡ್ ಫಾರೆಸ್ಟಿಗೆ ಇಡಿ.

ಬಾಗಿಲು ದಾಟಿದ ಕೂಡಲೇ 35 ಮೀಟರ್ ಎತ್ತರದಿಂದ ಬೀಳುವ ನೀರಿನ ಹನಿ ಮುಖಕ್ಕೆ ಹೊಡೆಯುತ್ತೆ. ಹೊರಗೆ ಬೆವರು ಸುರಿಸಿ ಬಂದವರಿಗೆ ಒಳಗೆ ಚಳಿ. ಸ್ವೆಟರ್ ಕೈಯಲ್ಲೇ ಇರಲಿ. ಮೊದಲು ಲಿಫ್ಟಿನಲ್ಲಿ ಒಳಗೆ ಕಟ್ಟಿರುವ ಬೆಟ್ಟದ ತುದಿಗೆ ಹೋಗಿ, ಆಮೇಲೆ ಮೋಡದ ಮಧ್ಯೆ ಹಾಯುವ ಸೇತುವೆಗಳಲ್ಲಿ ನಿಧಾನ ಇಳಿಯಿರಿ. ಮಂಡಿ ನೋವಿನವರಿಗೂ ಕಷ್ಟವಾಗದು. ಮಂಜು ಬಿಡುವುದು ನಿಗದಿಯಾದ ಹೊತ್ತಿಗೆ ಮಾತ್ರ, ಒಳಗೆ ಹೋಗುವಾಗಲೇ ಕೇಳಿಕೊಳ್ಳಿ.

ಸಮುದ್ರಮಟ್ಟದಿಂದ 1,000ದಿಂದ 3,000 ಮೀಟರ್ ಎತ್ತರದ ಉಷ್ಣವಲಯದ ಬೆಟ್ಟಗಳ ಹವೆಯನ್ನು ಅಲ್ಲಿ ಗಾಜಿನೊಳಗೆ ಕಟ್ಟಿದ್ದಾರೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ಅಷ್ಟು ಕಬ್ಬಿಣ, ಗಾಜು, ಯಂತ್ರ ಹಾಕಿ ಅವರು ಕಾಪಾಡುತ್ತಿರುವ ಹವೆ ನಮ್ಮ ಗಿರಿಯ ಶೋಲಾ ಕಾಡಿನಲ್ಲಿ ತಾನಾಗಿ ಇದೆ. ಅಮ್ಮ ಒಂದು ಆರ್ಕಿಡ್ ಮುಂದೆ ನಿಂತವರು ಕದಲಲಿಲ್ಲ. ಹೂವನ್ನಲ್ಲ, ಪಾಚಿಯ ಮೇಲೆ ಹರಿದಿದ್ದ ಬೇರನ್ನು ನೋಡುತ್ತಿದ್ದರು. ಬೂದಿ ಬಣ್ಣದ ದಪ್ಪ ಬೇರು, ತುದಿಯಲ್ಲಿ ಎಳೆ ಹಸಿರು. "ನಮ್ಮ ಹಲಸಿನ ಮರದ ಸೀತಾಳೆ ದಂಡೆ ಬೇರೂ ಹಿಂಗೇ ಅಲ್ವೇನೋ? ಹೋದ ವರ್ಷ ಮರಗಸಿ ಮಾಡುವಾಗ ಆ ಕೊಂಬೆ ಕಡಿಸಿಬಿಟ್ವಲ್ಲ" ಅಂದರು. ಸೀತಾಳೆ ದಂಡೆಯೂ ನಮ್ಮ ಕಡೆ ಮರದ ಮೇಲೆ ಬೆಳೆಯುವ ಆರ್ಕಿಡ್ಡೇ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮರಗಸಿ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಸವರುವುದು, ಅಂದಾಗ ನೆನಪಾಯಿತು. ಸಿಂಗಪುರದ ರಸ್ತೆ, ಪಾರ್ಕುಗಳ ಮರದಿಂದ ಕಡಿದ ರೆಂಬೆಗಳನ್ನು ಉರಿಸಿ ಬರುವ ಶಕ್ತಿಯನ್ನೇ ಈ ಮನೆಗಳನ್ನು ತಂಪಾಗಿಡಲು ಬಳಸುತ್ತಾರೆ. ತಂಪು ಮಾಡುವುದು ಜನ, ಗಿಡ ಇರುವ ಕೆಳಭಾಗವನ್ನು ಮಾತ್ರ. ಬಿಸಿಗಾಳಿ ಮೇಲಕ್ಕೇರಿ ಹೊರಹೋಗುತ್ತೆ. ಪಾಲಿಹೌಸ್ ಕಟ್ಟುವ ಯೋಚನೆ ಇರುವ ಬೆಳೆಗಾರರು ಇದನ್ನು ಗಮನಿಸಿ ನೋಡಿ.

ಒಂದೊಂದು ಮನೆಯನ್ನೂ ಆಗಾಗ ರಿಪೇರಿ, ನಿರ್ವಹಣೆಗೆ ಮುಚ್ಚುತ್ತಾರೆ. ದಿನಾಂಕ ನೋಡದೆ ಟಿಕೆಟ್ ತೆಗೆಯಬೇಡಿ. ಅನುಮತಿ ಪತ್ರಗಳಿಲ್ಲದೆ ಗಿಡ, ಕಡ್ಡಿ, ಬೀಜ ಊರಿಗೆ ತರಬೇಡಿ, ಏರ್‌ಪೋರ್ಟಿನಲ್ಲಿ ತೊಂದರೆ. ಸಂಜೆ 7.45ಕ್ಕೆ ತೋಟದ ಸೂಪರ್‌ಟ್ರೀಗಳ (ಮರದ ಆಕಾರದ ಎತ್ತರದ ಗೋಪುರಗಳು) ಬೆಳಕಿನ ಆಟ ಉಚಿತ, ಅರ್ಧ ಗಂಟೆ ಮುಂಚೆ ಹೋದರೆ ಕೂರಲು ಜಾಗ ಸಿಗುತ್ತೆ.

ಊರಿಗೆ ಬಂದ ಮರುದಿನ ಬೆಳಿಗ್ಗೆ ಅಮ್ಮ ಕಾಫಿ ಲೋಟ ಹಿಡಿದು ಹಲಸಿನ ಮರದ ಬುಡದಲ್ಲಿ ನಿಂತಿದ್ದರು. ಇನ್ನೊಂದು ಕೊಂಬೆಯಲ್ಲೂ ಒಂದು ಸೀತಾಳೆ ದಂಡೆ ಇದೆಯಂತೆ.